ಯಂತ್ರಕ್ಕೆ ಕನ್ನಡದ ಅಕ್ಷರಾಭ್ಯಾಸ

ಸಿಂಧನೂರು ಸೀಮೆಯ ತುರ್ವಿಹಾಳವು 1948ರ ಸಪ್ಟೆಂಬರದ ವರೆಗೆ ನಿಜಾಮರ ಆಳಿಕೆಗೆ ಒಳಪಟ್ಟಿತ್ತು; ಸರಕಾರದ ಭಾಷೆ ಉರ್ದು, ರೈತನ ಭಾಷೆ ಕನ್ನಡ. ತನ್ನ ಹೊಲದ ಕಾಗದವನ್ನು ತಾನೇ ಓದಲಾರದವನು ಓದಬಲ್ಲವನ ಮರ್ಜಿಯನ್ನು ಕಾಯಬೇಕಾಗುತ್ತಿತ್ತು. 1956ರಲ್ಲಿ ನಾಡು ಒಂದಾಯಿತು. ಈಗ ಪಹಣಿಯನ್ನು ಮುದ್ರಿಸಿ ಕೊಡುವುದು ಗಣಕಯಂತ್ರ. ಆ ಯಂತ್ರಕ್ಕೆ ಕನ್ನಡ ಬಾರದಿದ್ದರೆ ಹಳೆಯ ಪರಾಧೀನತೆಯೇ ಹೊಸ ವೇಷದಿಂದ ಮರಳಿ ಬಂದಂತಲ್ಲವೆ?

ಈ ಆಪತ್ತನ್ನು ಮೊದಲೇ ಮನಗಂಡವರಲ್ಲಿ ಮಂಗಳೂರ ಕಡೆಯ ಕಿನ್ನಿಕಂಬಳದ ಶ್ರೀ ಕೆ. ಪಿ. ರಾವ್ ಅವರು ಅಗ್ರಗಣ್ಯರು. ನೂರಾರು ಒತ್ತಕ್ಷರಗಳನ್ನು ಒಂದೊಂದಾಗಿ ಕೀಲಿಗಳಿಗೆ ಹಂಚದೆ, ವ್ಯಂಜನಕ್ಕೆ ಸ್ವರ ಕೂಡಿದರೆ ಗುಣಿತ, ವ್ಯಂಜನಕ್ಕೆ ವ್ಯಂಜನ ಕೂಡಿದರೆ ಒತ್ತು ಎಂಬ ವ್ಯಾಕರಣವನ್ನೇ ಅವರು ಯಂತ್ರಕ್ಕೆ ಕಲಿಸಿದರು. ಅವರ ಕೀಲಿವಿನ್ಯಾಸವನ್ನು ಸರಕಾರವು ಕೆಲವು ಮಾರ್ಪಾಟುಗಳೊಡನೆ ಅಂಗೀಕರಿಸಿತು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರದು. ಕ್ರಮವಿಧಿ ಬೇರೆ, ಸಂಸ್ಕೃತಿ ಬೇರೆ ಎನ್ನುವವರು ಇದನ್ನು ಗಮನಿಸಬೇಕು.

ಆದರೂ ಕಾರ್ಯವು ಮುಗಿದಿಲ್ಲ. ಒಂದೇ ಅಕ್ಷರಶೈಲಿಯನ್ನು ನೆಚ್ಚಿ ಬರೆದ ಹಳೆಯ ಕಡತವು ಆ ಶೈಲಿಯಿಲ್ಲದ ಕಚೇರಿಯಲ್ಲಿ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತದೆ. ಯುನಿಕೋಡ್ ಕನ್ನಡಕ್ಕಾಗಿ 128 ಸ್ಥಾನಗಳನ್ನು ಮೀಸಲಿರಿಸಿದೆ. ಅಧಿಕಾರಿವರ್ಗದವರು ಹಳೆಯ ಕಡತಗಳೆಲ್ಲವನ್ನೂ ಅದಕ್ಕೆ ಪರಿವರ್ತಿಸಲಿ. ತುರ್ವಿಹಾಳದ ರೈತನ ಹೆಸರು ಬೆಂಗಳೂರಿನಲ್ಲಿ ತೆರೆದರೂ ಅದೇ ಹೆಸರಾಗಿ ಉಳಿಯಬೇಕು.