ಅಂಥದೇ ಇನ್ನೊಂದು ಕಿವಿ

ಕನ್ನಡಕ ನಿಲ್ಲಬೇಕಾದರೆ ಎರಡೂ ಕಡೆ ಕಿವಿ ಬೇಕು. ಒಂದು ಕಿವಿ ಪೂರ್ತಿ ಬೆಳೆಯದೆ ಹುಟ್ಟಿದ ಮಗುವಿನ ಮನೆಯಲ್ಲಷ್ಟೇ ಇದು ದೊಡ್ಡ ವಿಷಯ. ಕೋವಿಡ್ ಕಾಲದಲ್ಲಿ ಮಾಸ್ಕ್‌ನದೂ ಅದೇ ಪಾಡು: ದಾರ ಸಿಕ್ಕಿಸಲು ಜಾಗವಿಲ್ಲ. ಟೋಪಿಯ ಪಕ್ಕಕ್ಕೆ ಗುಂಡಿ ಹೊಲಿದು ಅದಕ್ಕೆ ಸಿಕ್ಕಿಸಿದರಾಯಿತು ಎಂಬ ಉಪಾಯ ಡಾಕ್ಟರ ಚೀಟಿಯಲ್ಲಿ ಇರುವುದಿಲ್ಲ. ಅದೇ ಫಜೀತಿ ಪಟ್ಟ ಇನ್ನೊಬ್ಬ ತಾಯಿ ಹೇಳಿಕೊಡಬೇಕು.

ಆ ತಾಯಿ ಸಿಗುವುದೇ ಕಷ್ಟ. ವೈದ್ಯರು ಮೈಕ್ರೋಷಿಯಾ ಎನ್ನುವ ಈ ಸ್ಥಿತಿ ಹಲವು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಹೆರಿಗೆ ಮಾಡಿಸಿದವರೇ ಮೊದಲ ಸಲ ನೋಡುತ್ತಿರಬಹುದು. ಅಮೆರಿಕದ ಮೆಲಿಸಾ ಟಂಬ್ಲಿನ್ ಅವರ ಮಗಳಿಗೂ ಹೀಗೇ ಆಗಿತ್ತು. ಅವರು 2010ರಲ್ಲಿ ‘ಇಯರ್ ಕಮ್ಯುನಿಟಿ’ ಸಂಸ್ಥೆ ಕಟ್ಟಿದರು. ಅದು ಹೆಸರಾದದ್ದು ಪಿಕ್‌ನಿಕ್‌ಗಳಿಂದ. ಪಾರ್ಕಿನಲ್ಲಿ ಸೇರುವುದು, ಉಣ್ಣುವುದು, ಮಕ್ಕಳನ್ನು ಆಡಲು ಬಿಡುವುದು. ತನ್ನಂಥದೇ ಕಿವಿ ಇನ್ನೊಂದು ಮಗುವಿಗೂ ಇದೆಯೆಂದು ಮಗು ಕಣ್ಣಾರೆ ಕಾಣುವುದು ಅಲ್ಲೇ.

ದೊಡ್ಡವರ ಮಾತು ಬೇಗ ಶ್ರವಣಕ್ಕೆ ಹೊರಳುತ್ತದೆ. ಇಂಥ ಬಹುಪಾಲು ಮಕ್ಕಳಿಗೆ ಕಿವಿಯ ನಾಳವೂ ಮುಚ್ಚಿರುತ್ತದೆ. ಒಳಗಿವಿ ಮಾತ್ರ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಆದ್ದರಿಂದಲೇ ತಲೆಬುರುಡೆಯ ಮೂಳೆಯ ಮೂಲಕ ಸದ್ದು ದಾಟಿಸುವ ಸಾಧನವನ್ನು ಮೆತ್ತನೆಯ ಪಟ್ಟಿಯಲ್ಲಿ ಕೂಸಿನ ತಲೆಗೆ ಕಟ್ಟುತ್ತಾರೆ. ‘ಇನ್ನೊಂದು ಕಿವಿ ಚೆನ್ನಾಗಿದೆಯಲ್ಲ, ಸಾಕು’ ಎಂದು ಕೈತೊಳೆದುಕೊಳ್ಳುವವರೂ ಉಂಟು. ಗದ್ದಲದ ತರಗತಿಯಲ್ಲಿ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯದೆ ತಡಕಾಡುವ ಮಗುವನ್ನು ಅವರು ನೋಡಿರಲಿಕ್ಕಿಲ್ಲ.

ಆಮೇಲೆ ಆಪರೇಷನ್. ಪಕ್ಕೆಲುಬಿನ ಮೃದು ಎಲುಬು ಕೆತ್ತಿ ಕಿವಿ ಮಾಡುವುದಾದರೆ ಮಗುವಿಗೆ ಆರರಿಂದ ಹತ್ತು ವರ್ಷವಾಗುವವರೆಗೆ ಕಾಯಬೇಕು. ಕೃತಕ ಚೌಕಟ್ಟಾದರೆ ಇನ್ನೂ ಬೇಗ. ಇಂಥ ಕೂಟಗಳಲ್ಲಿ ನನಗೆ ಕಸಿವಿಸಿ ತರುವುದು ಇದೊಂದೇ: ಸಾಧನದ ಕಂಪನಿಯವರೂ ಸರ್ಜನ್ನರೂ ಬಂದು ನಿಂತರೆ ಪಿಕ್‌ನಿಕ್ ಸಂತೆಯಾಗಲು ಹೊತ್ತು ಬೇಡ. ಆಪರೇಷನ್ ಮಾಡಿಸಿಕೊಂಡ ಹುಡುಗನ ಪಕ್ಕದಲ್ಲಿ, ಬೇಡವೆಂದು ಇದ್ದ ಹಾಗೇ ಇರುವ ಹುಡುಗಿಯೂ ಕೂತಿರಬೇಕು. ಆಗ ನಿರ್ಧಾರ ಮಗುವಿನದಾಗುತ್ತದೆ.

ನಮ್ಮಲ್ಲಿ ಇಂಥ ಕೂಟಕ್ಕೆ ಹತ್ತಿರದ ನೋಟ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯದು. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ಕಿವಿ ಕೇಳದ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುತ್ತಾರೆ. ಪಾಠದ ನಡುವೆ ತಾಯಿ ತಾಯಿಗೆ ಹೇಳುವ ಮಾತು ಯಾವ ಪಠ್ಯಕ್ರಮದಲ್ಲೂ ಇಲ್ಲ.

ಆದರೆ ಕರೆಯಬೇಕಾದ ಇನ್ನೊಬ್ಬರಿದ್ದಾರೆ. ಹುಟ್ಟಿನಿಂದಲೇ ಬರುವ ಇನ್ನೊಂದು ಸ್ಥಿತಿಯನ್ನು ನೋಡಿ: ಸೀಳುತುಟಿಯ ಮಗು ಹುಟ್ಟಿದರೆ ‘ಬಸುರಿಯಲ್ಲಿ ಗ್ರಹಣ ನೋಡಿದ್ದಳು’ ಎಂದು ಇವತ್ತಿಗೂ ದೂರುವುದು ಸೊಸೆಯನ್ನೇ. ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲವೆಂದು ಡಾಕ್ಟರು ನೂರು ಸಲ ಹೇಳಿದರೂ ಮನೆಯಲ್ಲಿ ಅದು ನಿಲ್ಲುವುದಿಲ್ಲ. ಆದ್ದರಿಂದ ಮುಂದಿನ ಕೂಟಕ್ಕೆ ಅತ್ತೆಯನ್ನೂ ಕರೆತನ್ನಿ. ಇಂಥದೇ ಮೊಮ್ಮಗುವನ್ನು ಎತ್ತಿ ಆಡಿಸಿದ ಇನ್ನೊಬ್ಬ ಅಜ್ಜಿಯ ಪಕ್ಕ ಕೂರಿಸಿ, ಕಾಫಿ ಕೊಟ್ಟು, ಅವರಿಬ್ಬರನ್ನೇ ಮಾತಾಡಲು ಬಿಡಿ.