ಇಸಬು ಇರುವ ಕೂಸಿಗೆ ಕಡಲೆಹಿಟ್ಟು ಹಚ್ಚಬಹುದೇ?

ಪ್ರಶ್ನೆ: ಏಳು ತಿಂಗಳ ಮಗಳ ಕೆನ್ನೆ, ಮೊಣಕಾಲ ಮೇಲೆ ಇಸಬು ಎದ್ದಿದೆ. ಕಡಲೆಹಿಟ್ಟು ಹಚ್ಚಿ ತಿಕ್ಕಿದರೆ ಹೋಗುತ್ತದೆ ಎನ್ನುತ್ತಾರೆ ನಮ್ಮತ್ತೆ. ನೈಸರ್ಗಿಕವಾದದ್ದು ತಾನೆ?

ಉತ್ತರ: ದಯವಿಟ್ಟು ಬೇಡ. ಇಸಬು ಎದ್ದ ಚರ್ಮ ತೇವ ಹಿಡಿದಿಟ್ಟುಕೊಳ್ಳಲಾರದು, ಹೊರಗಿನದನ್ನು ತಡೆಯಲೂ ಆರದು. ಹಿಟ್ಟಿನ ತರಿ ತಿಕ್ಕಿದಷ್ಟೂ ಅದು ಕೆರಳುತ್ತದೆ. ನನಗಿರುವ ದೊಡ್ಡ ಆತಂಕ ಬೇರೆ: ಒಡೆದ ಚರ್ಮದ ಮೂಲಕ ಒಳಹೊಕ್ಕ ಆಹಾರಕ್ಕೆ ದೇಹ ಅಲರ್ಜಿ ಬೆಳೆಸಿಕೊಳ್ಳಬಹುದು. ಕಡಲೆಕಾಯಿ ಎಣ್ಣೆ ಬೆರೆತ ಮುಲಾಮಿಗೂ ಮಕ್ಕಳ ಕಡಲೆಕಾಯಿ ಅಲರ್ಜಿಗೂ ಇರುವ ನಂಟನ್ನು ಬ್ರಿಟನ್ನಿನ ಗಿಡಿಯಾನ್ ಲ್ಯಾಕ್ ತಂಡ 2003ರಲ್ಲೇ ತೋರಿಸಿತ್ತು. ಹಾಗಾಗಿ ಹಿಟ್ಟು, ಹಾಲಿನ ಕೆನೆ ಯಾವುದೂ ಆ ಮೈಗೆ ಬೇಡ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆಯೂ ಬೇಡ.

ಅತ್ತೆಯವರಿಗೆ ಸಮಾಧಾನವಾಗುವ ಮಾತೂ ಇದೆ. ಹಸಿ ತೆಂಗಿನಕಾಯಿಯಿಂದ ತೆಗೆದ ಶುದ್ಧ ಎಣ್ಣೆ ಸೌಮ್ಯ ಇಸಬಿಗೆ ಹಿತ. 2014ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಅಧ್ಯಯನದಲ್ಲಿ ಅದು ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಹಂಡೆಯ ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷ ಸ್ನಾನ ಸಾಕು. ಮೆತ್ತನೆ ಬಟ್ಟೆ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮೈ ಇನ್ನೂ ಹಸಿಯಿರುವಾಗಲೇ ಎಣ್ಣೆಯನ್ನೋ ಪರಿಮಳವಿಲ್ಲದ ಕ್ರೀಮನ್ನೋ ಧಾರಾಳವಾಗಿ ಸವರಿ. ದಿನಕ್ಕೆ ಎರಡು ಸಲವಾದರೂ ಹಚ್ಚಬೇಕು.

ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರಿ ಪಕ್ಕಕ್ಕಿಡಬೇಡಿ. ಅವರು ಹೇಳಿದಷ್ಟು ದಿನ ಹಚ್ಚಿ. ರಸಿಗೆ ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ.