ಅಂಗಡಿ ಬಾಗಿಲಿಗೆ ಎರಡು ಬೀಗ, ಡಿವಿಆರ್‌ಗೆ ಮಾತ್ರ ‘ಅಡ್ಮಿನ್’ ಪಾಸ್‌ವರ್ಡ್!

ಕಿರಾಣಿ ಅಂಗಡಿ, ಮೆಡಿಕಲ್, ಬೇಕರಿ, ಬಂಗಾರದ ಅಂಗಡಿ... ತಾಲ್ಲೂಕು ಕೇಂದ್ರಗಳಲ್ಲೂ ಈಗ ಸಿಸಿಟಿವಿ ಮಾಮೂಲಿ. ಟೆಕ್ನಿಷಿಯನ್ ಬಂದು ನಾಲ್ಕು ಕ್ಯಾಮೆರಾ ಕೂರಿಸಿ, ಮಾಲೀಕರ ಮೊಬೈಲ್‌ಗೆ ಆ್ಯಪ್ ಹಾಕಿಕೊಟ್ಟು ಹೋಗ್ತಾರೆ. ಪಾಸ್‌ವರ್ಡ್ ಏನಿಟ್ಟಿದ್ದೀರಿ ಅಂತ ಕೇಳೋರು ಕಡಿಮೆ.

ದೃಶ್ಯ ಸೇವ್ ಆಗುವ ಡಿವಿಆರ್ ಡಬ್ಬಿ ಅಸಲಿಗೆ ಒಂದು ಸಣ್ಣ ಕಂಪ್ಯೂಟರ್. ವೈಫೈ ರೂಟರ್ ಕೂಡ ಅಷ್ಟೇ. ಇಂಥ ಬಹಳಷ್ಟು ಸಾಧನಗಳ ಒಳಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಚಿಕ್ಕ ರೂಪ ಓಡುತ್ತಿರುತ್ತದೆ. ಮೊಬೈಲ್ ಆದರೆ ‘ಅಪ್‌ಡೇಟ್ ಮಾಡಿ’ ಎಂದು ತಾನೇ ಪೀಡಿಸುತ್ತದೆ. ಡಿವಿಆರ್ ಮೂಲೆಯಲ್ಲಿ ಧೂಳು ಹಿಡಿದು ಸುಮ್ಮನೆ ಕೂತಿರುತ್ತದೆ, ಅದರ ಸಾಫ್ಟ್‌ವೇರ್ ಯಾರಿಗೂ ನೆನಪಾಗುವುದಿಲ್ಲ.

ಇದರಿಂದ ಏನಾಗಬಹುದು ಎಂಬುದು 2016ರಲ್ಲೇ ಗೊತ್ತಾಯಿತು. ಅಮೆರಿಕದ ಮೂವರು ಯುವಕರು ಬರೆದ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮ್ ಇಂಟರ್ನೆಟ್‌ನಲ್ಲಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಭಾರೀ ತಂತ್ರವೇನೂ ಇರಲಿಲ್ಲ. ಕಂಪನಿಯವರೇ ಇಟ್ಟುಕೊಟ್ಟ ‘ಅಡ್ಮಿನ್’, ‘12345’ ಥರದ ಸುಮಾರು 60 ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡುತ್ತಿತ್ತು, ಅಷ್ಟೇ. ಲಕ್ಷಾಂತರ ಸಾಧನ ಕೈವಶವಾದವು. ಅದೇ ವರ್ಷದ ಅಕ್ಟೋಬರ್ 21ರಂದು ಮಿರಾಯ್ ಹಿಡಿತದಲ್ಲಿದ್ದ ಸಾಧನಗಳು ‘ಡೈನ್’ ಎಂಬ ಕಂಪನಿಯ ಸರ್ವರ್‌ಗಳಿಗೆ ಒಟ್ಟಿಗೇ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಗಂಟೆಗಟ್ಟಲೆ ತೆರೆದುಕೊಳ್ಳಲಿಲ್ಲ.

ಕ್ಯಾಮೆರಾ ಮಾಲೀಕರಿಗೆ ಇದರ ಸುಳಿವೂ ಸಿಗುವುದು ಕಷ್ಟ. ನೆಟ್ ಸ್ವಲ್ಪ ಸ್ಲೋ ಆಗಬಹುದು, ಚಿತ್ರ ಎಂದಿನಂತೆ ಬರುತ್ತಲೇ ಇರುತ್ತದೆ. ಮಿರಾಯ್ ಮೆಮೊರಿಯಲ್ಲಷ್ಟೇ ಇರುತ್ತಿದ್ದರಿಂದ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷದಲ್ಲಿ ಮತ್ತೆ ಹಾಜರ್! ಇನ್ನು, ಒಳಗೆ ನುಗ್ಗಿದವರು ಬೇರೆಯವರ ಮೇಲೆ ದಾಳಿ ಮಾಡಿಯೇ ಸುಮ್ಮನಾಗಬೇಕೆಂದಿಲ್ಲ. ಗಲ್ಲಾಪೆಟ್ಟಿಗೆ ಮುಂದೆ ಕ್ಯಾಮೆರಾ ಇದ್ದರೆ, ಎಷ್ಟು ಹೊತ್ತಿಗೆ ದುಡ್ಡು ಎಣಿಸ್ತಾರೆ ಅನ್ನೋದು ಅವರಿಗೂ ಕಾಣುತ್ತದೆ.

ಹಾಗಾದ್ರೆ ಮಾಡೋದೇನು? ಮೊದಲು ಡಿವಿಆರ್ ಮತ್ತು ರೂಟರ್ ಎರಡರ ಪಾಸ್‌ವರ್ಡ್ ಬದಲಿಸಿ. ಅಂಗಡಿ ಹೆಸರು, ಫೋನ್ ನಂಬರ್ ಬೇಡ. ಟೆಕ್ನಿಷಿಯನ್ ಹಾಕಿಕೊಟ್ಟ ಪಾಸ್‌ವರ್ಡ್ ಅವರು ಬೇರೆ ಅಂಗಡಿಗಳಿಗೂ ಹಾಕಿರಬಹುದು, ಹಾಗಾಗಿ ಅದನ್ನೂ ಉಳಿಸಿಕೊಳ್ಳಬೇಡಿ. ಮುಂದಿನ ಸಲ ಸರ್ವಿಸ್‌ಗೆ ಬಂದಾಗ ‘ಫರ್ಮ್‌ವೇರ್ ಅಪ್‌ಡೇಟ್ ಇದೆಯಾ? ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಓಪನ್ ಇಟ್ಟಿದ್ದೀರಾ?’ ಎಂದು ಕೇಳಿ. ಹಾಗೆ ತೆರೆದಿಟ್ಟ ಪೋರ್ಟ್ ಎಂದರೆ ಹೊರಗಿನಿಂದ ಡಿವಿಆರ್‌ಗೆ ನೇರ ದಾರಿ, ಅಗತ್ಯವಿಲ್ಲದಿದ್ದರೆ ಮುಚ್ಚಿಸಿ.

ಕೆಲವು ಅಗ್ಗದ ಸಾಧನಗಳಲ್ಲಿ ಮಾಲೀಕರಿಗೆ ಬದಲಿಸಲು ಬಾರದ ಗುಪ್ತ ಪಾಸ್‌ವರ್ಡ್ ಒಳಗೇ ಇರುತ್ತದೆ. ಅಂಥದ್ದಕ್ಕೆ, ಅಥವಾ ಅಪ್‌ಡೇಟ್ ನಿಂತುಹೋದ ಹಳೇ ಡಿವಿಆರ್‌ಗೆ, ನೆಟ್ ಕೇಬಲ್ ತೆಗೆಯುವುದೇ ಸರಿ. ಮೊಬೈಲ್‌ನಲ್ಲಿ ನೋಡೋಕಾಗಲ್ಲ. ಹಾರ್ಡ್ ಡಿಸ್ಕ್‌ಗೆ ರೆಕಾರ್ಡಿಂಗ್ ಮಾತ್ರ ಎಂದಿನಂತೆ ನಡೆಯುತ್ತದೆ.